ಎಲ್ಲಿ ಕೆಡುತ್ತದೆ ಎಂದು ಮೊದಲು ಕೇಳಿ

ಸೌಂದರ್ಯ ಚಿಕಿತ್ಸೆಯ ಬಗ್ಗೆ ವಿಚಾರಿಸಲು ಬರುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಎಷ್ಟು ಖರ್ಚಾಗುತ್ತದೆ, ಎಷ್ಟು ದಿನ ರಜೆ ಬೇಕು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಇವತ್ತು ನೀವು ಮನೆಗೆ ಹೋಗುವಾಗ ಮೂರನೆಯದೊಂದು ಪ್ರಶ್ನೆಯನ್ನೂ ಜೊತೆಗೆ ಒಯ್ಯಬೇಕು: "ಡಾಕ್ಟ್ರೇ, ಇದು ಕೆಟ್ಟರೆ ಎಲ್ಲಿ ಕೆಡುತ್ತದೆ? ಕೆಟ್ಟಾಗ ನೀವು ಏನು ಮಾಡುತ್ತೀರಿ?" ಬೊಟಾಕ್ಸ್‌ನಿಂದ ಹಿಡಿದು ಹೊಟ್ಟೆಯ ಶಸ್ತ್ರಚಿಕಿತ್ಸೆಯವರೆಗೆ ಪ್ರತಿಯೊಂದಕ್ಕೂ ಅದು ಕೆಡುವ ಜಾಗ ಅಂತ ಒಂದಿದೆ. ಅದೇನೂ ಗುಟ್ಟಲ್ಲ, ಆ ಕೆಲಸ ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ. ಉತ್ತರ ತಡವಿಲ್ಲದೆ, ವಿವರವಾಗಿ ಬಂದರೆ ಮುಂದಿನ ಮಾತು ಆಡಬಹುದು. "ಏನೂ ಆಗಲ್ಲ, ಸುಮ್ಮನೆ ಭಯಪಡಬೇಡಿ" ಎಂದಷ್ಟೇ ಹೇಳಿದರೆ ಎದ್ದು ಬನ್ನಿ.

ಈ ಚಿಕಿತ್ಸೆಗಳು ಎಷ್ಟು ಬೆಳೆದಿವೆ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಸೌಂದರ್ಯ ಪ್ಲಾಸ್ಟಿಕ್ ಸರ್ಜನ್ನರ ಅಂತರರಾಷ್ಟ್ರೀಯ ಸಂಘವಾದ ಐಸ್ಯಾಪ್ಸ್ ಪ್ರತಿವರ್ಷ ಸಮೀಕ್ಷೆ ನಡೆಸುತ್ತದೆ. ಅದರ ಪ್ರಕಾರ 2023ರಲ್ಲಿ ಜಗತ್ತಿನಾದ್ಯಂತ ಸುಮಾರು 3.5 ಕೋಟಿ ಸೌಂದರ್ಯ ಚಿಕಿತ್ಸೆಗಳು ನಡೆದವು. ಅದರಲ್ಲಿ ಕತ್ತಿ ಹಿಡಿದು ಮಾಡಿದವು 1.58 ಕೋಟಿ. ಉಳಿದ 1.91 ಕೋಟಿ ಸೂಜಿ, ಲೇಸರ್ ಮುಂತಾದವುಗಳಿಂದ ಆದವು. ಈ ಎರಡನೆಯ ಸಂಖ್ಯೆಯನ್ನು ಗಮನಿಸಿ. ಊಟದ ಬಿಡುವಿನಲ್ಲಿ ಹೋಗಿ ಮಾಡಿಸಿಕೊಂಡು ಮತ್ತೆ ಕೆಲಸಕ್ಕೆ ಕೂರಬಹುದು ಅನ್ನುವಷ್ಟು ಹಗುರವಾದ ಚಿಕಿತ್ಸೆಗಳು ಬಂದದ್ದೇ ಜನಪ್ರಿಯತೆಗೆ ದೊಡ್ಡ ಕಾರಣ. ಸುಕ್ಕಿಗೆ ಬೊಟಾಕ್ಸ್ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2002ರಲ್ಲಿ. ಮುಖದ ಗುಳಿ ತುಂಬುವ ಹೈಅಲುರಾನಿಕ್ ಆಮ್ಲದ ಜೆಲ್‌ಗೆ, ಅಂದರೆ ಫಿಲ್ಲರ್‌ಗೆ, 2003ರಲ್ಲಿ. ಅದಕ್ಕೂ ಮೊದಲು ಮುಖದ ವಯಸ್ಸು ಮರೆಸಲು ಇಷ್ಟು ಹಗುರವಾದ ದಾರಿಗಳು ಕಡಿಮೆಯಿದ್ದವು.

ಇನ್ನೊಂದು ಕಾರಣ ನಿಮ್ಮ ಜೇಬಿನಲ್ಲೇ ಇದೆ. ಮುಖದಿಂದ 12 ಇಂಚು ದೂರದಲ್ಲಿ ಹಿಡಿದು ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಹೆಚ್ಚು ಅಗಲ ಕಾಣುತ್ತದೆ ಎಂದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿ ತೋರಿಸಿತು. ಐದು ಅಡಿ ದೂರದಿಂದ ತೆಗೆದರೆ ಈ ವ್ಯತ್ಯಾಸ ಬಹುತೇಕ ಇಲ್ಲವಾಗುತ್ತದೆ. ಕ್ಯಾಮೆರಾಕ್ಕೆ ಹತ್ತಿರ ಇರುವ ಭಾಗ ದೊಡ್ಡದಾಗಿ, ದೂರದ ಕಿವಿ, ಕೆನ್ನೆ ಚಿಕ್ಕದಾಗಿ ಮೂಡುತ್ತವೆ, ಅಷ್ಟೇ. ಮೂಗು ದಪ್ಪ ಎಂದು ಸೆಲ್ಫಿ ತೋರಿಸುವವರಿಗೆ ಮೊದಲ ಚಿಕಿತ್ಸೆಯೆಂದರೆ ಬೇರೆಯವರ ಕೈಗೆ ಕ್ಯಾಮೆರಾ ಕೊಟ್ಟು, ಐದಾರು ಅಡಿ ದೂರದಿಂದ, ನೇರ ಬೆಳಕಿನಲ್ಲಿ ಮುಂಭಾಗ, ಎರಡು ಪಕ್ಕ, ಎರಡು ಓರೆ, ಹೀಗೆ ಐದು ಫೋಟೊ ತೆಗೆಸುವುದು. ಅದನ್ನು ನೋಡಿ ಸಮಾಧಾನವಾಗಿ ಹಿಂದಿರುಗುವವರಿದ್ದಾರೆ. ಅದೂ ಒಳ್ಳೆಯ ಫಲಿತಾಂಶವೇ.

ಇಲ್ಲಿ ವಿಷಯದಿಂದ ತುಸು ಪಕ್ಕಕ್ಕೆ ಹೋಗುತ್ತೇನೆ. ಈ ವಿದ್ಯೆ ಹೊಸದಲ್ಲ. ಕತ್ತರಿಸಿಹೋದ ಮೂಗನ್ನು ಮತ್ತೆ ಕಟ್ಟುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ: ಮೂಗಿನ ಅಳತೆಗೆ ಒಂದು ಎಲೆ ಕತ್ತರಿಸಿಕೊಂಡು, ಅದೇ ಅಳತೆಯಲ್ಲಿ ಕೆನ್ನೆಯ ಚರ್ಮವನ್ನು ಎಬ್ಬಿಸಿ, ಒಂದು ಕಡೆ ಬುಡ ಉಳಿಸಿಕೊಂಡೇ ತಿರುಗಿಸಿ ಮೂಗಿನ ಜಾಗಕ್ಕೆ ಹೊಲಿಯುವುದು. ಉಸಿರಾಟಕ್ಕೆ ಹೊಳ್ಳೆಗಳಲ್ಲಿ ನಳಿಗೆ. ಮುಂದೆ ಹಣೆಯ ಚರ್ಮದಿಂದ ಮೂಗು ಕಟ್ಟುವ ಪದ್ಧತಿ ಈ ನೆಲದಲ್ಲಿ ಬಳಕೆಗೆ ಬಂತು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅದರ ವರ್ಣನೆ ಅಚ್ಚಾಯಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಕ್ರಮದಲ್ಲಿ ಮೂಗು ಕಟ್ಟಿದ. ಇದನ್ನು ಹೆಮ್ಮೆಗಾಗಿ ಮಾತ್ರ ನೆನಪಿಸುತ್ತಿಲ್ಲ. "ಬುಡ ಉಳಿಸಿಕೊಂಡೇ" ಎಂದೆನಲ್ಲ, ಇಡೀ ಪ್ಲಾಸ್ಟಿಕ್ ಸರ್ಜರಿಯ ಮೂಲಸೂತ್ರ ಅದು. ರಕ್ತ ಹರಿಯುವಷ್ಟು ಕಾಲ ಮಾತ್ರ ಚರ್ಮ ಬದುಕುತ್ತದೆ. ಇನ್ನು ಮುಂದೆ ಹೇಳುವ ಅಪಾಯಗಳಲ್ಲಿ ಬಹುಪಾಲು ರಕ್ತನಾಳದ ಕಥೆಯೇ. ಒಂದೋ ರಕ್ತ ಹೋಗಬೇಕಾದಲ್ಲಿ ಹೋಗಲಿಲ್ಲ, ಇಲ್ಲವೇ ಹೋಗಬಾರದ್ದು ರಕ್ತನಾಳದೊಳಗೆ ಹೋಯಿತು.

ಬೊಟಾಕ್ಸ್‌ನಿಂದ ಶುರು ಮಾಡೋಣ. ಇದು ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ವಿಷವನ್ನು ಶುದ್ಧೀಕರಿಸಿ, ಅತ್ಯಲ್ಪ ಪ್ರಮಾಣದಲ್ಲಿ ಬಳಸುವ ಔಷಧ. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಸ್ನಾಯು ಸಡಿಲಾದಾಗ ಮೇಲಿನ ಚರ್ಮದ ಸುಕ್ಕು ಬಿಚ್ಚಿಕೊಳ್ಳುತ್ತದೆ. ಹುಬ್ಬು ಗಂಟಿಕ್ಕಿದಾಗ ಮಾತ್ರ ಮೂಡುವ ಗೆರೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮುಖ ಸುಮ್ಮನಿದ್ದಾಗಲೂ ಉಳಿದಿರುವ ಆಳವಾದ ಗೆರೆ ಇದರಿಂದ ಪೂರ್ತಿ ಹೋಗುವುದಿಲ್ಲ. ಹುಬ್ಬುಗಳ ನಡುವಿನ ಗೆರೆಗೆ ರೂಢಿಯ ಪ್ರಮಾಣ 20 ಯೂನಿಟ್: ಐದು ಕಡೆ ನಾಲ್ಕು ನಾಲ್ಕು. ಮೂರರಿಂದ ಐದು ದಿನಕ್ಕೆ ಪರಿಣಾಮ ಕಾಣತೊಡಗಿ, ಎರಡು ವಾರಕ್ಕೆ ಪೂರ್ಣವಾಗಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಹಾಗಾಗಿ ಎರಡು ವಾರ ತುಂಬುವ ಮೊದಲು "ಇನ್ನೂ ಸ್ವಲ್ಪ ಹಾಕಿ" ಎನ್ನಬೇಡಿ.

ಕೆಡುವುದು ಎಲ್ಲಿ? ಹುಬ್ಬಿನ ಎಲುಬಿಗೆ ತೀರ ಹತ್ತಿರ ಚುಚ್ಚಿದರೆ ಔಷಧ ಒಳಗೆ ಹರಡಿ ಕಣ್ಣಿನ ರೆಪ್ಪೆ ಎತ್ತುವ ಸ್ನಾಯುವನ್ನೂ ತಲುಪುತ್ತದೆ. ಕೆಲವು ದಿನಗಳಲ್ಲಿ ಒಂದು ಕಡೆ ರೆಪ್ಪೆ ಜೋಲುತ್ತದೆ. ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ, ಅಲ್ಲಿಯವರೆಗೆ ಕಣ್ಣಿನ ಹನಿಯಿಂದ ಸ್ವಲ್ಪ ಸಹಾಯ ಸಿಗುತ್ತದೆ. ಇನ್ನೊಂದು ವಿಷಯ: ಒಂದು ಬ್ರ್ಯಾಂಡಿನ ಯೂನಿಟ್ಟೂ ಇನ್ನೊಂದರ ಯೂನಿಟ್ಟೂ ಒಂದೇ ಅಲ್ಲ. ಬೊಟಾಕ್ಸ್‌ನ 20 ಯೂನಿಟ್ ಮಾಡುವ ಕೆಲಸಕ್ಕೆ ಡಿಸ್‌ಪೋರ್ಟ್‌ನಲ್ಲಿ 50 ಯೂನಿಟ್ ಬೇಕು. ಆದ್ದರಿಂದ "ಅಲ್ಲಿ ಯೂನಿಟ್ಟಿಗೆ ಇಷ್ಟು, ಇಲ್ಲಿ ಅಷ್ಟು" ಎಂದು ಬೆಲೆ ಹೋಲಿಸುವ ಮೊದಲು ಹೆಸರು ಕೇಳಿ, ಬಾಟಲಿ ನಿಮ್ಮ ಮುಂದೆಯೇ ತೆರೆಯಲಿ. ಗರ್ಭಿಣಿಯರಿಗೂ ಮಯಸ್ತೀನಿಯಾದಂಥ ಸ್ನಾಯು ದುರ್ಬಲತೆಯ ಕಾಯಿಲೆ ಇರುವವರಿಗೂ ಇದು ಬೇಡ.

ಫಿಲ್ಲರ್‌ಗಳದ್ದು ಬೇರೆಯೇ ಮಾತು. ಬೊಟಾಕ್ಸ್ ಸ್ನಾಯುವನ್ನು ಸಡಿಲಿಸಿದರೆ ಫಿಲ್ಲರ್ ಜಾಗ ತುಂಬುತ್ತದೆ: ತುಟಿ, ಕೆನ್ನೆ, ಕಣ್ಣಿನ ಕೆಳಗಿನ ಗುಳಿ. ಒಂದು ಸಿರಿಂಜಿನಲ್ಲಿ ಸಾಮಾನ್ಯವಾಗಿ 1 ಮಿಲಿ ಇರುತ್ತದೆ, ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಬಾಳುತ್ತದೆ. ಕೈಗೆ ಸಿಕ್ಕವರೆಲ್ಲ ಇದನ್ನು ಚುಚ್ಚತೊಡಗಿರುವುದರಿಂದ ನನಗೆ ಅತಿ ಹೆಚ್ಚು ಆತಂಕವಿರುವುದು ಇದರ ಬಗ್ಗೆಯೇ. ಸೂಜಿಯ ತುದಿ ಅಪಧಮನಿಯೊಳಗೆ ಇದ್ದಾಗ ಸಿರಿಂಜ್ ಒತ್ತಿದರೆ ಆ ಜೆಲ್ ರಕ್ತದ ದಾರಿಯನ್ನೇ ಕಟ್ಟಿಬಿಡುತ್ತದೆ. ತಕ್ಷಣ ಚರ್ಮ ಬಿಳಿಚಿಕೊಳ್ಳುತ್ತದೆ, ಆಮೇಲೆ ಬಲೆಬಲೆಯಾಗಿ ನೀಲಿಗಟ್ಟುತ್ತದೆ, ನೋವು ಬರಬಹುದು. ಬಿಟ್ಟರೆ ಆ ಭಾಗದ ಚರ್ಮ ಸಾಯುತ್ತದೆ. ಮೂಗಿನ ಮೇಲೂ ಹುಬ್ಬುಗಳ ನಡುವೆಯೂ ಇರುವ ನಾಳಗಳಿಗೆ ಕಣ್ಣಿನ ಅಪಧಮನಿಯೊಂದಿಗೆ ಸಂಪರ್ಕವಿದೆ. ಒತ್ತಡಕ್ಕೆ ಜೆಲ್ ಹಿಮ್ಮುಖವಾಗಿ ಹರಿದು ಅಲ್ಲಿಗೆ ತಲುಪಿದರೆ ದೃಷ್ಟಿ ಹೋಗುತ್ತದೆ. ಕಣ್ಣಿನ ಒಳಪರದೆಯಾದ ಅಕ್ಷಿಪಟಲ ರಕ್ತವಿಲ್ಲದೆ ತಾಳುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಕಳೆದ ದೃಷ್ಟಿ ಮರಳುವುದು ಅಪರೂಪ. "ಆಪರೇಷನ್ ಇಲ್ಲದೆ ಹತ್ತು ನಿಮಿಷದಲ್ಲಿ ಮೂಗು ಎತ್ತರ" ಎಂಬ ಜಾಹೀರಾತು ನೋಡಿದಾಗ ಇದು ನೆನಪಿರಲಿ. ಫಿಲ್ಲರ್‌ಗೆ ಅತ್ಯಂತ ಅಪಾಯದ ಜಾಗಗಳಲ್ಲಿ ಮೂಗು ಒಂದು.

ಇದಕ್ಕೆ ಮದ್ದು ಇದೆ. ಹೈಅಲುರಾನಿಕ್ ಆಮ್ಲದ ಫಿಲ್ಲರನ್ನು ಕರಗಿಸುವ ಹೈಅಲುರಾನಿಡೇಸ್ ಎಂಬ ಕಿಣ್ವವನ್ನು ನೂರಾರು ಯೂನಿಟ್‌ನಂತೆ ಆ ಜಾಗಕ್ಕೆ ಚುಚ್ಚಿ, ಚರ್ಮದ ಬಣ್ಣ ಮರಳುವವರೆಗೆ ಗಂಟೆಗೊಮ್ಮೆ ಮತ್ತೆ ಮತ್ತೆ ಕೊಡುತ್ತಾರೆ. ಅದು ಅದೇ ಕೋಣೆಯ ಫ್ರಿಜ್ಜಿನಲ್ಲಿ ಇರಬೇಕು, ಔಷಧದ ಅಂಗಡಿಯಲ್ಲಿ ಅಲ್ಲ. "ಹೈಅಲುರಾನಿಡೇಸ್ ಇದೆಯೇ, ತೋರಿಸಿ" ಎಂದು ಕೇಳಲು ಸಂಕೋಚಪಡಬೇಡಿ. ಶಾಶ್ವತ ಫಿಲ್ಲರ್ ಎಂದು ದ್ರವ ಸಿಲಿಕೋನ್ ಹಾಕುತ್ತೇವೆ ಎಂದರೆ ಒಪ್ಪಲೇಬೇಡಿ. ಅದನ್ನು ಕರಗಿಸುವ ಮದ್ದಿಲ್ಲ, ವರ್ಷಗಳ ಮೇಲೆ ಗಂಟುಗಟ್ಟಿದಾಗ ಸುತ್ತಲ ಮಾಂಸ ಕತ್ತರಿಸದೆ ತೆಗೆಯಲೂ ಆಗುವುದಿಲ್ಲ.

ಕೂದಲು ಕಸಿ ಗಂಡಸರಲ್ಲಿ ಬಹಳ ಜನಪ್ರಿಯ. ತಲೆಯ ಹಿಂಭಾಗದ ಕೂದಲ ಬೇರುಗಳು ಬೋಳಾಗುವ ಹಾರ್ಮೋನಿನ ಪ್ರಭಾವಕ್ಕೆ ಅಷ್ಟಾಗಿ ಸಿಗುವುದಿಲ್ಲ. ಮುಂಭಾಗಕ್ಕೆ ನೆಟ್ಟರೂ ಆ ಗುಣ ಉಳಿಸಿಕೊಳ್ಳುತ್ತವೆ. ಕಸಿ ನಿಂತಿರುವುದೇ ಇದರ ಮೇಲೆ. ಹಿಂಭಾಗದಿಂದ ಒಂದು ಪಟ್ಟಿ ಚರ್ಮ ತೆಗೆದು ಬಿಡಿಸಿಕೊಳ್ಳುವುದು ಒಂದು ಕ್ರಮ. ಒಂದು ಮಿಲಿಮೀಟರಿಗಿಂತ ಸಣ್ಣ ಪಂಚ್‌ನಿಂದ ಒಂದೊಂದೇ ಬುಡ ಕೀಳುವುದು ಇನ್ನೊಂದು, ಎಫ್‌ಯುಇ ಅನ್ನುತ್ತಾರಲ್ಲ, ಅದು. ಒಂದು ಗ್ರಾಫ್ಟ್ ಅಂದರೆ ಒಂದರಿಂದ ನಾಲ್ಕು ಕೂದಲು. ಒಂದು ಸಲಕ್ಕೆ ಎರಡರಿಂದ ಮೂರು ಸಾವಿರ ಗ್ರಾಫ್ಟ್ ನೆಡುವುದು ಸಾಮಾನ್ಯ. ನೆಟ್ಟ ಕೂದಲು ಎರಡರಿಂದ ನಾಲ್ಕು ವಾರದೊಳಗೆ ಉದುರುತ್ತದೆ. ಗಾಬರಿ ಬೇಡ, ಬೇರು ಒಳಗಿರುತ್ತದೆ. ಮೂರು ನಾಲ್ಕು ತಿಂಗಳಿಗೆ ಚಿಗುರಿ, ಪೂರ್ಣ ಫಲ ಕಾಣಲು ವರ್ಷ ಬೇಕು.

ಇಲ್ಲಿ ಎರಡು ಕಡೆ ಕೆಡುತ್ತದೆ. ಒಂದು ದಾನಿ ಜಾಗದ ಲೆಕ್ಕ. ಹಿಂದಿನ ಕೂದಲು ಅಕ್ಷಯಪಾತ್ರೆಯಲ್ಲ, ಕಿತ್ತಲ್ಲಿ ಮತ್ತೆ ಬೆಳೆಯುವುದಿಲ್ಲ. ಇಪ್ಪತ್ತೆರಡರ ಹುಡುಗನಿಗೆ ಹಣೆಯ ಮೇಲೆ ತೀರ ಕೆಳಗೆ ಕೂದಲಿನ ಗೆರೆ ಎಳೆದು ಮೂರು ಸಾವಿರ ಗ್ರಾಫ್ಟ್ ಸುರಿದರೆ, ನಲವತ್ತಕ್ಕೆ ನೆತ್ತಿ ಬೋಳಾಗಿ ಮುಂದೆ ಮಾತ್ರ ಒಂದು ಪಟ್ಟಿ ನಿಂತಿರುತ್ತದೆ, ತುಂಬಲು ಹಿಂದೆ ಉಳಿಕೆ ಇರುವುದಿಲ್ಲ. ಆ ವಯಸ್ಸಿನಲ್ಲಿ ಮೊದಲು ಔಷಧದಿಂದ ಉದುರುವುದನ್ನು ನಿಲ್ಲಿಸಿ, ಒಂದು ವರ್ಷ ನೋಡಿ, ಆಮೇಲೆ ಯೋಚಿಸಬೇಕು. ಎರಡನೆಯದು ಅರಿವಳಿಕೆಯ ಚುಚ್ಚುಮದ್ದು. ಇದು ಜೀವದ ಪ್ರಶ್ನೆ. ಅಡ್ರಿನಲಿನ್ ಸೇರಿಸಿದ ಲಿಗ್ನೊಕೇನ್ ಒಂದು ಕಿಲೋ ತೂಕಕ್ಕೆ 7 ಮಿ.ಗ್ರಾಂ ಮೀರಬಾರದು. 60 ಕಿಲೋ ತೂಗುವವರಿಗೆ 420 ಮಿ.ಗ್ರಾಂ. ಶೇ 2ರ ದ್ರಾವಣದ ಪ್ರತಿ ಮಿಲಿಯಲ್ಲಿ 20 ಮಿ.ಗ್ರಾಂ ಇರುತ್ತದೆ, ಅಂದರೆ 21 ಮಿಲಿಗೆ ಮಿತಿ ಮುಗಿಯಿತು. ಆರೆಂಟು ಗಂಟೆ ನಡೆಯುವ ಕೆಲಸದಲ್ಲಿ "ನೋವಾಗ್ತಿದೆ" ಎಂದಾಗಲೆಲ್ಲ ಚುಚ್ಚುತ್ತ ಹೋದರೆ, ಲೆಕ್ಕ ಬರೆದಿಡುವವರು ಇಲ್ಲದಿದ್ದರೆ, ಈ ಮಿತಿ ದಾಟುವುದು ಗೊತ್ತೇ ಆಗುವುದಿಲ್ಲ. ನಾಲಿಗೆ ಜೋಮು ಹಿಡಿಯುವುದು, ಕಿವಿಯಲ್ಲಿ ಗುಂಯ್‌ಗುಡುವುದು ಮುನ್ಸೂಚನೆ. ಆಮೇಲೆ ಫಿಟ್ಸ್, ಆಮೇಲೆ ಹೃದಯ. ಅದಕ್ಕೆ ಪ್ರತಿಮದ್ದಾಗಿ ಶೇ 20ರ ಲಿಪಿಡ್ ಎಮಲ್ಷನ್ (ರಕ್ತಕ್ಕೆ ಹರಿಸುವ ಕೊಬ್ಬಿನ ದ್ರವ) ಕೈಗೆಟುಕುವಲ್ಲಿ ಇರಬೇಕು. ಅದನ್ನು ಕೊಡಬಲ್ಲ ವೈದ್ಯರೂ ಅಲ್ಲೇ ಇರಬೇಕು.

ಈಗ ಲೈಪೊಸಕ್ಷನ್, ಅಂದರೆ ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವುದು. 2023ರ ಸಮೀಕ್ಷೆಯಲ್ಲಿ ಶಸ್ತ್ರಚಿಕಿತ್ಸೆಗಳ ಪೈಕಿ ಮೊದಲ ಸ್ಥಾನ ಇದರದ್ದೇ, 22 ಲಕ್ಷಕ್ಕೂ ಹೆಚ್ಚು. ಇದು ತೂಕ ಇಳಿಸುವ ಚಿಕಿತ್ಸೆ ಅಲ್ಲ. ತೂಕ ಹೆಚ್ಚುಕಡಿಮೆ ಸರಿಯಿದ್ದು, ಸೊಂಟ, ತೊಡೆ, ಗದ್ದದ ಕೆಳಗೆ ವ್ಯಾಯಾಮಕ್ಕೆ ಜಗ್ಗದೆ ಉಳಿದ ಕೊಬ್ಬಿಗೆ ರೂಪ ಕೊಡುವ ಕೆಲಸ. ನೀವೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಹೊಟ್ಟೆಯನ್ನು ಬೆರಳುಗಳ ನಡುವೆ ಹಿಡಿದಾಗ ಕೈಗೆ ಸಿಗುವುದು ಚರ್ಮದ ಕೆಳಗಿನ ಕೊಬ್ಬು. ಅದನ್ನು ತೆಗೆಯಬಹುದು. ಹೊಟ್ಟೆ ಮುಂದೆ ಬಂದು ಗಟ್ಟಿಯಾಗಿದ್ದು ಕೈಗೆ ಸಿಗುವುದು ಕಡಿಮೆಯಿದ್ದರೆ ಕೊಬ್ಬು ಕರುಳಿನ ಸುತ್ತ ಇದೆ. ಅಲ್ಲಿಗೆ ಯಾವ ಕೊಳವೆಯೂ ಹೋಗುವುದಿಲ್ಲ, ಹೋಗಲೂಬಾರದು. ಅದಕ್ಕೆ ಊಟ, ನಡಿಗೆಯೇ ದಾರಿ.

ಕೆಲಸ ಹೇಗೆ ನಡೆಯುತ್ತದೆ ಎಂದರೆ, ಒಂದು ಲೀಟರ್ ಸಲೈನಿಗೆ 1 ಮಿ.ಗ್ರಾಂ ಅಡ್ರಿನಲಿನ್, 500ರಿಂದ 1000 ಮಿ.ಗ್ರಾಂ ಲಿಗ್ನೊಕೇನ್ ಬೆರೆಸಿ ಕೊಬ್ಬಿನ ಪದರಕ್ಕೆ ತುಂಬುತ್ತಾರೆ. ಚರ್ಮ ಬಿಗಿದುಕೊಳ್ಳುತ್ತದೆ. ಕಾಲು ಗಂಟೆಯಾದರೂ ಕಾದರೆ ಅಡ್ರಿನಲಿನ್ ರಕ್ತನಾಳಗಳನ್ನು ಮುಚ್ಚಿ ಚರ್ಮ ಬೆಳ್ಳಗಾಗುತ್ತದೆ. ಕಾಯದೆ ಶುರು ಮಾಡಿದರೆ ರಕ್ತ ಹೋಗುತ್ತದೆ. ಆಮೇಲೆ ಮೂರು ನಾಲ್ಕು ಮಿಲಿಮೀಟರ್ ದಪ್ಪದ ಕೊಳವೆಯಿಂದ ಆಳದ ಕೊಬ್ಬನ್ನು ಎಳೆಯುತ್ತಾರೆ. 1980ರ ದಶಕದಲ್ಲಿ ಜೆಫ್ರಿ ಕ್ಲೈನ್ ಎಂಬ ಚರ್ಮವೈದ್ಯ ರೂಪಿಸಿದ ಈ ಕ್ರಮದಿಂದ ರಕ್ತಸ್ರಾವ ಬಹಳ ಕಡಿಮೆಯಾಯಿತು, ಲೈಪೊಸಕ್ಷನ್ ಜನಪ್ರಿಯವಾಗಲು ಅದೂ ಒಂದು ಕಾರಣ. ಆದರೆ ತೆಳುವಾಗಿ ಬೆರೆಸಿ ಕೊಬ್ಬಿಗೆ ತುಂಬಿದ ಲಿಗ್ನೊಕೇನ್ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಅದಕ್ಕೇ ಇಲ್ಲಿ ಕಿಲೋಗೆ 35 ಮಿ.ಗ್ರಾಂವರೆಗೆ ನಡೆಯುತ್ತದೆ, ಅದಕ್ಕೇ ರಕ್ತದಲ್ಲಿ ಅದರ ಪ್ರಮಾಣ ಅತಿ ಹೆಚ್ಚಾಗುವುದು ಹತ್ತು ಹನ್ನೆರಡು ಗಂಟೆಯ ಮೇಲೆ. ಬೆಳಿಗ್ಗೆ ಆಪರೇಷನ್ ಆಗಿ ಸಂಜೆ ಮನೆಗೆ ಹೋದವರಿಗೆ ತೊಂದರೆ ಬರುವುದಿದ್ದರೆ ರಾತ್ರಿ, ಮನೆಯಲ್ಲಿ. ಹಾಗಾಗಿ ಆ ರಾತ್ರಿ ಒಬ್ಬರೇ ಇರಬೇಡಿ.

ಎಷ್ಟು ತೆಗೆಯಬಹುದು? ಒಟ್ಟು 5 ಲೀಟರ್ ದಾಟಿದರೆ ಅದು ದೊಡ್ಡ ಪ್ರಮಾಣದ ಲೈಪೊಸಕ್ಷನ್. ರಾತ್ರಿ ಆಸ್ಪತ್ರೆಯಲ್ಲಿ ನಿಗಾ ಬೇಕೇಬೇಕು. ತುಂಬಿದ ದ್ರವ, ಡ್ರಿಪ್ಪಿನಲ್ಲಿ ಕೊಟ್ಟದ್ದು, ಹೊರಬಂದದ್ದು, ಈ ಮೂರರ ಲೆಕ್ಕ ತಪ್ಪಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹೊಟ್ಟೆಯಲ್ಲಿ ಗೊತ್ತಿಲ್ಲದ ಹರ್ನಿಯಾ ಇದ್ದರೆ ಕೊಳವೆ ಕರುಳಿಗೇ ತೂರಬಹುದು. ಆದ್ದರಿಂದ ಹಳೆಯ ಆಪರೇಷನ್ ಕಲೆ ಇರುವವರಿಗೆ ಮೊದಲೇ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವುದು ಇನ್ನೊಂದು. ಅಂದೇ ಸಂಜೆ ಎದ್ದು ನಾಲ್ಕು ಹೆಜ್ಜೆ ಓಡಾಡಿ ಎನ್ನುವುದು ಅದಕ್ಕೇ. ಜೀವಕ್ಕೆ ತೊಂದರೆಯಿಲ್ಲದಿದ್ದರೂ ಬೇಸರ ತರುವ ಸಮಸ್ಯೆ ಮೇಲ್ಮೈ ಏರುಪೇರು. ಚರ್ಮಕ್ಕೆ ತೀರ ಹತ್ತಿರದ ಕೊಬ್ಬು ತೆಗೆದರೆ ಗುಳಿ, ಅಲೆಗಳು ಉಳಿಯುತ್ತವೆ. ಸರಿಪಡಿಸುವುದು ಮೊದಲ ಸಲಕ್ಕಿಂತ ಕಷ್ಟ. ಬಿಗಿ ಉಡುಪು ನಾಲ್ಕರಿಂದ ಆರು ವಾರ. ಊತ ಪೂರ್ತಿ ಇಳಿಯಲು ಮೂರರಿಂದ ಆರು ತಿಂಗಳು. ತೆಗೆದ ಕೊಬ್ಬಿನ ಕೋಶ ಮರಳುವುದಿಲ್ಲ, ಆದರೆ ಉಳಿದವು ದಪ್ಪವಾಗಬಲ್ಲವು.

ತೆಗೆದ ಕೊಬ್ಬನ್ನು ಪೃಷ್ಠಕ್ಕೆ ತುಂಬುವ ಚಿಕಿತ್ಸೆಯೊಂದಿದೆ, ಬ್ರೆಜಿಲಿಯನ್ ಬಟ್ ಲಿಫ್ಟ್ ಎಂದು ಹೆಸರು. 2017ರಲ್ಲಿ ಪ್ರಕಟವಾದ ಸರ್ಜನ್ನರ ಸಮೀಕ್ಷೆಯೊಂದು ಇದರಲ್ಲಿ ಸುಮಾರು 3,000ಕ್ಕೆ ಒಂದು ಸಾವು ಎಂದು ಅಂದಾಜಿಸಿತ್ತು. ರೂಪಕ್ಕಾಗಿ ಮಾಡಿಸಿಕೊಳ್ಳುವ ಚಿಕಿತ್ಸೆಯಲ್ಲಿ ಇದು ಒಪ್ಪತಕ್ಕ ಸಂಖ್ಯೆಯಲ್ಲ. ಕಾರಣ ಸ್ಪಷ್ಟವಿತ್ತು. ಕೊಬ್ಬನ್ನು ಸ್ನಾಯುವಿನೊಳಗೆ ತುಂಬಿದಾಗ ಅಲ್ಲಿನ ದಪ್ಪ ಅಭಿಧಮನಿಗಳು ಹರಿದು, ಕೊಬ್ಬು ನೇರವಾಗಿ ಹೃದಯ, ಶ್ವಾಸಕೋಶಕ್ಕೆ ಹೋಗುತ್ತಿತ್ತು. ಸ್ನಾಯುವಿನ ಮೇಲೆ, ಚರ್ಮದ ಕೆಳಗಿನ ಪದರದಲ್ಲಿ ಮಾತ್ರ ತುಂಬಬೇಕು ಎಂದು 2018ರಲ್ಲಿ ಹಲವು ಸಂಘಗಳು ಸೇರಿ ಎಚ್ಚರಿಸಿದವು. ಕೊಳವೆಯ ತುದಿ ಎಲ್ಲಿದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಲೇ ತುಂಬುವ ಕ್ರಮ ಈಗ ಬಂದಿದೆ. ಅಲ್ಟ್ರಾಸೌಂಡ್ ಬಳಸದವರಲ್ಲಿ ಮಾಡಿಸಬೇಡಿ.

ಹೆರಿಗೆಯಾದ ಮೇಲೆ, ಅಥವಾ ತೂಕ ತುಂಬ ಇಳಿದ ಮೇಲೆ ಜೋತುಬಿದ್ದ ಹೊಟ್ಟೆಯ ಚರ್ಮಕ್ಕೆ ಲೈಪೊಸಕ್ಷನ್ ಉತ್ತರವಲ್ಲ. ಅಲ್ಲಿ ಹೆಚ್ಚಿನ ಚರ್ಮವನ್ನೇ ತೆಗೆದು, ನಡುವೆ ಬಿರಿದ ಸ್ನಾಯುಗಳನ್ನು ಕೂಡಿಸಿ ಹೊಲಿದು, ಹೊಕ್ಕುಳಿಗೆ ಹೊಸ ಜಾಗ ಮಾಡಿಕೊಡಬೇಕು. ಸೊಂಟದ ಈ ಬದಿಯಿಂದ ಆ ಬದಿಗೆ ಕಲೆ ಉಳಿಯುತ್ತದೆ. ಅದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಮಕ್ಕಳು ಸಾಕು ಎಂದಾದ ಮೇಲೆಯೇ ಮಾಡಿಸಿ. ಒಂದು ವಾರ ಬಗ್ಗಿ ನಡೆಯಬೇಕು, ಆರು ವಾರ ಭಾರ ಎತ್ತುವಂತಿಲ್ಲ. ಇಲ್ಲಿ ಕೆಡುವ ಜಾಗ ಹೊಲಿಗೆಯ ನಡು ಮಧ್ಯ. ರಕ್ತ ಅಲ್ಲಿಗೆ ತಲುಪುವುದು ಅತಿ ದೂರದಿಂದ, ಬಿಗಿತವೂ ಅಲ್ಲೇ ಹೆಚ್ಚು. ಸೇದುವವರಲ್ಲಿ ಕಪ್ಪಾಗಿ ಸಾಯುವುದು ಆ ಚರ್ಮವೇ.

ಸ್ತನ ದೊಡ್ಡದಾಗಿಸಲು ಒಳಗಿಡುವ ಇಂಪ್ಲಾಂಟ್ ಬಗ್ಗೆ ಮುಖ್ಯವಾದ ಮಾತು ಇಷ್ಟು: ಅದು ಜೀವಮಾನದ ವಸ್ತುವಲ್ಲ. ಮೊದಲ ಸಿಲಿಕೋನ್ ಇಂಪ್ಲಾಂಟ್ ಹಾಕಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಅಲ್ಲಿಂದ ಈಚೆಗೆ ಬಹಳ ಸುಧಾರಿಸಿದೆ. ಆದರೂ ದೇಹ ಅದರ ಸುತ್ತ ಚೀಲದಂಥ ಒಂದು ಪೊರೆ ಕಟ್ಟುತ್ತದೆ, ಕೆಲವರಲ್ಲಿ ಆ ಪೊರೆ ಬಿಗಿದು ಸ್ತನ ಗಟ್ಟಿಯಾಗಿ ನೋಯುತ್ತದೆ. ಇಂಪ್ಲಾಂಟ್ ಒಡೆದರೂ ಹೊರಗೆ ತಿಳಿಯದೆ ಇರಬಹುದು. ಹಾಕಿಸಿಕೊಂಡ ಐದಾರು ವರ್ಷಕ್ಕೆ ಒಮ್ಮೆ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಬೇಕೆಂದು ಎಫ್‌ಡಿಎ 2020ರಲ್ಲಿ ಹೇಳಿತು. ಈ ಖರ್ಚನ್ನೂ ಮುಂದೊಂದು ದಿನದ ಬದಲಾವಣೆಯ ಆಪರೇಷನ್ನನ್ನೂ ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಿರಿ. ಒರಟು ಮೇಲ್ಮೈಯ ಇಂಪ್ಲಾಂಟ್‌ಗಳ ಸುತ್ತ ಲಿಂಫೋಮಾ ಎಂಬ ಅಪರೂಪದ ಕ್ಯಾನ್ಸರ್ ಬರುವುದು ಖಚಿತವಾಗಿ, 2019ರಲ್ಲಿ ಒಂದು ಬಗೆಯನ್ನು ಜಗತ್ತಿನಾದ್ಯಂತ ವಾಪಸು ಪಡೆದರು. ವರ್ಷಗಳ ನಂತರ ಒಂದು ಕಡೆ ಇದ್ದಕ್ಕಿದ್ದಂತೆ ಊದಿಕೊಂಡರೆ ಆ ದ್ರವವನ್ನು ಪರೀಕ್ಷೆಗೆ ಕಳಿಸಲೇಬೇಕು. ಫ್ರಾನ್ಸ್‌ನ ಪಿಐಪಿ ಕಂಪನಿ ವೈದ್ಯಕೀಯಕ್ಕೆ ಒಪ್ಪಿಗೆಯಿಲ್ಲದ ಕೈಗಾರಿಕಾ ಸಿಲಿಕೋನ್ ತುಂಬಿ ಮಾರಿದ್ದು 2010ರಲ್ಲಿ ಬಯಲಾಯಿತು. ಆಗ ತಮ್ಮೊಳಗೆ ಇರುವುದು ಯಾವ ಕಂಪನಿಯದ್ದು ಎಂದು ಹೇಳಬಲ್ಲ ದಾಖಲೆ ಇದ್ದವರಿಗೆ ದಾರಿ ಸುಲಭವಾಯಿತು.

ಗಂಡಸರ ಎದೆ ಹೆಂಗಸರಂತೆ ಬೆಳೆಯುವುದಕ್ಕೂ ಚಿಕಿತ್ಸೆ ಇದೆ. ನಾಚಿಕೆಯಿಂದ ವರ್ಷಗಟ್ಟಲೆ ಈಜಲು ಇಳಿಯದ, ಬಿಗಿ ಅಂಗಿ ತೊಡದ ಹುಡುಗರಿಗೆ ಇದು ನಿಜಕ್ಕೂ ಬಿಡುಗಡೆ. ಆದರೆ ಹರೆಯದಲ್ಲಿ ಬಂದದ್ದು ಬಹುಮಟ್ಟಿಗೆ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ಕಾಯಿರಿ. ದೊಡ್ಡವರಲ್ಲಿ ಹೊಸದಾಗಿ ಬಂದರೆ ಔಷಧ, ಹಾರ್ಮೋನು, ವೃಷಣದ ಗಂಟು ಇವನ್ನು ಮೊದಲು ನೋಡಬೇಕು. ಆಪರೇಷನ್ನಿನಲ್ಲಿ ತೊಟ್ಟಿನ ಕೆಳಗಿನ ಗ್ರಂಥಿಯನ್ನು ಪೂರ್ತಿ ಕೆರೆದು ತೆಗೆದರೆ ತಟ್ಟೆಯಂಥ ಗುಳಿ ಬೀಳುತ್ತದೆ. ತೆಳುವಾದ ಒಂದು ಪದರ ಬಿಡಬೇಕು.

ಮೂಗಿನ ಶಸ್ತ್ರಚಿಕಿತ್ಸೆ ಎಲ್ಲದರಲ್ಲೂ ಕಷ್ಟದ್ದು ಎಂದು ಸರ್ಜನ್ನರೇ ಒಪ್ಪುತ್ತಾರೆ, ಏಕೆಂದರೆ ಅದು ಉಸಿರಿನ ದಾರಿಯೂ ಹೌದು. ನಡುಗೋಡೆಯ ಮೃದ್ವಸ್ಥಿ ಮೂಗಿಗೆ ಗುಡಾರದ ಕಂಬವಿದ್ದಂತೆ. ಮೇಲಿನ ಅಂಚಿನಲ್ಲೂ ಮುಂದಿನ ಅಂಚಿನಲ್ಲೂ ಕನಿಷ್ಠ ಒಂದು ಸೆಂಟಿಮೀಟರ್ ಅಗಲ ಉಳಿಸದೆ ತೆಗೆದರೆ ಮೂಗು ಕುಸಿಯುತ್ತದೆ. ಸಣ್ಣದು ಮಾಡಬೇಕೆಂಬ ಆತುರದಲ್ಲಿ ಅತಿಯಾಗಿ ಕತ್ತರಿಸಿದರೆ ಒಳಗಿನ ಕವಾಟ ಕಿರಿದಾಗಿ, ಚೆಂದದ ಮೂಗಿನಲ್ಲಿ ಉಸಿರಾಡಲಾಗದ ಸ್ಥಿತಿ ಬರುತ್ತದೆ. ದಪ್ಪ ಚರ್ಮದ ಮೂಗಿನ ತುದಿಯನ್ನು ಎಷ್ಟೇ ಕೆತ್ತಿದರೂ ಚೂಪು ಕಾಣದು. ಅದು ಸರ್ಜನ್ನರ ಕೊರತೆಯಲ್ಲ. ತುದಿಯ ಊತ ಇಳಿಯಲು ಒಂದು ವರ್ಷ ಬೇಕು. ಮೂರನೇ ತಿಂಗಳಿಗೇ ಇನ್ನೊಬ್ಬರಲ್ಲಿ ತಿದ್ದಿಸಲು ಹೋಗುವುದು ದೊಡ್ಡ ತಪ್ಪು. ಆಪರೇಷನ್ ಆದ ಮೊದಲ ದಿನಗಳಲ್ಲಿ ಎರಡೂ ಹೊಳ್ಳೆ ಮುಚ್ಚಿಕೊಂಡು ನೋವು ಏರುತ್ತ ಹೋದರೆ ನಡುಗೋಡೆಯಲ್ಲಿ ರಕ್ತ ಕಟ್ಟಿರಬಹುದು. ಅಂದೇ ಹೊರತೆಗೆಯದಿದ್ದರೆ ಮೃದ್ವಸ್ಥಿ ಕರಗುತ್ತದೆ.

ಕಣ್ಣಿನ ರೆಪ್ಪೆಯ ಚರ್ಮ ತೆಗೆಯುವುದು ಸಣ್ಣ ಕೆಲಸ, ಫಲ ದೊಡ್ಡದು. ಹುಬ್ಬಿನಿಂದ ರೆಪ್ಪೆಗೂದಲಿನವರೆಗೆ ಸುಮಾರು 2 ಸೆಂಟಿಮೀಟರ್ ಚರ್ಮ ಉಳಿಯಬೇಕು, ಇಲ್ಲವಾದರೆ ಕಣ್ಣು ಮುಚ್ಚುವುದಿಲ್ಲ. ಮೊದಲೇ ಕಣ್ಣು ಒಣಗುವ ತೊಂದರೆ ಇದ್ದವರು ಹೇಳಲೇಬೇಕು. ಆ ರಾತ್ರಿ ಒಂದು ಕಣ್ಣು ಉಬ್ಬಿ, ನೋವಾಗಿ, ಮಸುಕಾದರೆ ಬೆಳಗಾಗುವವರೆಗೆ ಕಾಯಬಾರದು. ಕಣ್ಣಿನ ಹಿಂದೆ ರಕ್ತ ಕಟ್ಟಿರಬಹುದು.

ಇವೆಲ್ಲ ಆದ ಮೇಲೂ ಒಂದು ಗುಂಪಿಗೆ ಯಾವ ಚಿಕಿತ್ಸೆಯೂ ಬೇಡ ಎನ್ನಬೇಕಾಗುತ್ತದೆ. ಬೇರೆಯವರ ಕಣ್ಣಿಗೆ ಬೀಳದ ಒಂದು ಕುಂದನ್ನು ಕನ್ನಡಿಯಲ್ಲಿ ಗಂಟೆಗಟ್ಟಲೆ ನೋಡುತ್ತ, ಮನೆಯಿಂದ ಹೊರಬೀಳಲಾಗದಷ್ಟು ಬೆಂದುಹೋಗುವವರಿದ್ದಾರೆ. ಇದು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎಂಬ ಮನಸ್ಸಿನ ಕಾಯಿಲೆ. ನೂರಕ್ಕೆ ಸುಮಾರು ಇಬ್ಬರಲ್ಲಿ ಇರುತ್ತದೆ, ಸೌಂದರ್ಯ ಚಿಕಿತ್ಸೆಗೆ ಬರುವವರಲ್ಲಿ ಇನ್ನೂ ಹೆಚ್ಚು. ಅವರಿಗೆ ಮೂಗು ತಿದ್ದಿದರೆ ಕಾಯಿಲೆ ಗದ್ದಕ್ಕೆ ಹೋಗುತ್ತದೆ. ಔಷಧ, ಆಪ್ತಸಮಾಲೋಚನೆಯಿಂದ ಇದು ಗುಣವಾಗುತ್ತದೆ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ದಯವಿಟ್ಟು ಹೀಗಳೆಯಬೇಡಿ, ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ.

ಇನ್ನು ಸಿದ್ಧತೆ. ಬೀಡಿ, ಸಿಗರೇಟು, ತಂಬಾಕು ಆಪರೇಷನ್ನಿಗೆ ಮೊದಲು ನಾಲ್ಕು ವಾರ, ಆಮೇಲೆ ನಾಲ್ಕು ವಾರ ಪೂರ್ತಿ ಬಂದ್. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ. ವೇಪ್, ನಿಕೋಟಿನ್ ಚೂಯಿಂಗ್ ಗಮ್ ಕೂಡ ಅದೇ ಕೆಲಸ ಮಾಡುತ್ತವೆ. ಸೇದಿದ್ದರೆ ಮುಚ್ಚಿಡಬೇಡಿ, ದಿನ ಮುಂದೂಡೋಣ. ರಕ್ತ ತೆಳುವಾಗಿಸುವ ಮಾತ್ರೆ, ಮೀನೆಣ್ಣೆ, ವಿಟಮಿನ್ ಇ, ನಾಟಿ ಔಷಧ, ಎಲ್ಲವನ್ನೂ ಪಟ್ಟಿ ಮಾಡಿ ಕೊಡಿ. ಹೃದಯಕ್ಕೆಂದು ಕೊಟ್ಟ ಮಾತ್ರೆಯನ್ನು ಮಾತ್ರ ಅದನ್ನು ಬರೆದ ವೈದ್ಯರ ಒಪ್ಪಿಗೆಯಿಲ್ಲದೆ ನಿಲ್ಲಿಸಬೇಡಿ. ತೂಕ ಇಳಿಸಲು ಸೆಮಾಗ್ಲುಟೈಡ್‌ನಂಥ ವಾರಕ್ಕೊಮ್ಮೆಯ ಇಂಜೆಕ್ಷನ್ ತೆಗೆದುಕೊಳ್ಳುವವರು ಈಗ ಬಹಳ. ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ. ರಾತ್ರಿಯೆಲ್ಲ ಉಪವಾಸ ಇದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದು, ಅರಿವಳಿಕೆ ಕೊಟ್ಟಾಗ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಅರಿವಳಿಕೆ ವೈದ್ಯರಿಗೆ ಇದನ್ನು ಮೊದಲೇ ತಿಳಿಸಿ.

ಎಲ್ಲಿ ಮಾಡಿಸುವುದು? ಸರ್ಜನ್ನರ ಪದವಿ ಯಾವುದು, ಈ ನಿರ್ದಿಷ್ಟ ಚಿಕಿತ್ಸೆಯಲ್ಲಿ ತರಬೇತಿ ಆಗಿದೆಯೇ, ಕತ್ತಿ ಹಿಡಿಯುವವರು ಅವರೇನಾ ಅಥವಾ ಸಹಾಯಕರಾ ಎಂದು ಕೇಳಿ. ಅರಿವಳಿಕೆಗೆ ಬೇರೆಯೇ ವೈದ್ಯರು ಇರಬೇಕು. ಕೊಯ್ಯುವವರೇ ಉಸಿರಾಟವನ್ನೂ ನೋಡಿಕೊಳ್ಳಲಾಗದು. ಒಂದೇ ದಿನ ಹೊಟ್ಟೆ, ಸ್ತನ, ತೊಡೆ ಮೂರನ್ನೂ ಮುಗಿಸುವ ಪ್ಯಾಕೇಜು ಒಪ್ಪುವ ಮೊದಲು ಎಷ್ಟು ಗಂಟೆಯ ಆಪರೇಷನ್ ಎಂದು ಕೇಳಿ. ಸಮಯ ಹೆಚ್ಚಿದಷ್ಟೂ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಅಗ್ಗವೆಂದು ದೂರದ ಊರಿಗೋ ದೇಶಕ್ಕೋ ಹೋಗಿ ಮಾಡಿಸಿಕೊಂಡು ಮೂರನೇ ದಿನ ವಿಮಾನ ಹತ್ತುವವರಿಗೂ ಈ ಮಾತು ಅನ್ವಯ. ಅವರಿಗೆ ಇನ್ನೊಂದು ತೊಡಕೂ ಇದೆ. ಸರಿಯಾಗಿ ಶುದ್ಧೀಕರಿಸದ ಉಪಕರಣದಿಂದ, ನಲ್ಲಿ ನೀರಿನಿಂದ ಬರುವ ಕ್ಷಯದ ಜಾತಿಗೆ ಸೇರಿದ ಕೆಲವು ಬ್ಯಾಕ್ಟೀರಿಯಾಗಳು ವಾರಗಳ ನಂತರ ಗಂಟಾಗಿ, ಕೀವಾಗಿ ಕಾಣಿಸಿಕೊಳ್ಳುತ್ತವೆ. ಸಾಮಾನ್ಯ ಆ್ಯಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ, ಸಾಮಾನ್ಯ ಕಲ್ಚರ್ ಪರೀಕ್ಷೆಯಲ್ಲೂ ತಪ್ಪಿಸಿಕೊಳ್ಳುತ್ತವೆ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಗಾಯ ಮಾಗಿ, ತಿಂಗಳ ಮೇಲೆ ಮತ್ತೆ ಸೋರತೊಡಗಿದರೆ ನೋಡುವ ವೈದ್ಯರಿಗೆ ಈ ಸಾಧ್ಯತೆಯನ್ನು ನೀವೇ ನೆನಪಿಸಿ.

ಮನೆಗೆ ಬಂದ ಮೇಲೆ ಉಸಿರು ಕಟ್ಟಿದಂತಾದರೆ, ಎದೆ ನೋವಾದರೆ, ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ, ಒಂದು ಕಡೆ ಮಾತ್ರ ಬೇಗ ಬೇಗ ಉಬ್ಬುತ್ತಿದ್ದರೆ, ಕಮ್ಮಿಯಾಗುತ್ತಿದ್ದ ನೋವು ತಿರುಗಿ ಏರಿದರೆ ಕರೆ ಮಾಡಿ ಕಾಯುತ್ತ ಕೂರಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಅಲ್ಲಿನ ವೈದ್ಯರು ನಿಮಗೆ ಏನು ಮಾಡಿದ್ದಾರೆ ಎಂದು ಕೇಳುತ್ತಾರೆ. ಅದಕ್ಕೇ ಡಿಸ್ಚಾರ್ಜ್ ಆಗುವಾಗ ಆಪರೇಷನ್ ಟಿಪ್ಪಣಿಯ ಪ್ರತಿ, ಫಿಲ್ಲರ್ ಸಿರಿಂಜಿನ ಬ್ಯಾಚ್ ಸಂಖ್ಯೆಯ ಸ್ಟಿಕ್ಕರ್, ಇಂಪ್ಲಾಂಟ್ ಇದ್ದರೆ ಕಂಪನಿ, ಅಳತೆ, ಕ್ರಮಸಂಖ್ಯೆ ಇರುವ ಕಾರ್ಡು, ಇವನ್ನು ಕೇಳಿ ಪಡೆಯಿರಿ. ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡು, ಮನೆಯಲ್ಲಿ ಇನ್ನೊಬ್ಬರಿಗೂ ಕಳಿಸಿಡಿ.